ಬಾಗಿಲು ಕಾಯುವವನ ಧಮ್ಮ



*ಇಂದಿನ ಧಮ್ಮ ಚಿಂತನೆ*



ಇವತ್ತು ಜಪಾನಿನ ಒಬ್ಬ ಫುಟ್‌ಬಾಲ್ ಆಟಗಾರನ ಬಗ್ಗೆ ಹೇಳುತ್ತೇನೆ. ಹೆಸರು ಮಾಯಾ ಯೋಶಿದಾ. ಹೆಸರು ಕೇಳಿ ಹೆಣ್ಣುಮಗಳು ಅಂದುಕೊಳ್ಳಬೇಡಿ, ಗಂಡು ಆಟಗಾರ. ಹುಟ್ಟಿದ್ದು 1988ರಲ್ಲಿ, ನಾಗಸಾಕಿಯಲ್ಲಿ. 1945ರಲ್ಲಿ ಅಣುಬಾಂಬ್ ಬಿದ್ದ ಊರು ಅದು. ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ನಗೋಯಾದ ಕ್ಲಬ್ಬಿನ ಹುಡುಗರ ತಂಡ ಸೇರಿದರು. 2010ರಲ್ಲಿ ನೆದರ್ಲೆಂಡ್ಸ್, 2012ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್, ಆಮೇಲೆ ಇಟಲಿ, ಜರ್ಮನಿ. ಜಪಾನ್ ಪರವಾಗಿ ಮೂರು ವಿಶ್ವಕಪ್ ಆಡಿದರು. 2022ರ ವಿಶ್ವಕಪ್‌ನಲ್ಲಿ ತಂಡದ ನಾಯಕರೂ ಅವರೇ.

ಅವರು ಡಿಫೆಂಡರ್. ಗೋಲು ಹೊಡೆಯುವುದಲ್ಲ, ಎದುರಾಳಿ ಗೋಲು ಹೊಡೆಯದಂತೆ ತಡೆಯುವುದು ಅವರ ಮುಖ್ಯ ಕೆಲಸ. ನಮ್ಮೂರ ಕಬಡ್ಡಿ ನೋಡಿದವರಿಗೆ ಇದು ಗೊತ್ತು. ರೈಡ್ ಮಾಡಿ ಪಾಯಿಂಟ್ ತಂದವನಿಗೆ ಸೀಟಿ, ಚಪ್ಪಾಳೆ. ಮೂಲೆಯಲ್ಲಿ ನಿಂತು ಕಾಯುವವನ ಕಡೆ ಯಾರೂ ನೋಡುವುದಿಲ್ಲ. ಅವನ ಕೈ ಜಾರಿದಾಗ ಮಾತ್ರ ಎಲ್ಲರೂ ಅವನನ್ನೇ ನೋಡುತ್ತಾರೆ.

ಭಗವಾನ್ ಬುದ್ಧರು ಸತಿಯನ್ನು, ಅಂದರೆ ಎಚ್ಚರವನ್ನು, ಗಡಿಯೂರಿನ ಕೋಟೆಯ ಬಾಗಿಲು ಕಾಯುವವನಿಗೆ ಹೋಲಿಸಿದ್ದಾರೆ. ಅವನು ಜಾಣ. ಗೊತ್ತಿಲ್ಲದವರನ್ನು ತಡೆಯುತ್ತಾನೆ, ಗೊತ್ತಿದ್ದವರನ್ನು ಒಳಗೆ ಬಿಡುತ್ತಾನೆ. ಬಾದಾಮಿಯ ಕೋಟೆಬಾಗಿಲು ಹತ್ತಿದವರಿಗೆ, ಹಳ್ಳಿಯ ಅಗಸಿಯಲ್ಲಿ ಆಡಿ ಬೆಳೆದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಾವಲುಗಾರನ ಕಣ್ಣು ಒಮ್ಮೆ ತಪ್ಪಿ ಕಳ್ಳ ಒಳಗೆ ಬಂದರೆ, ಆಮೇಲೆ ಅವನು ಏನು ಮಾಡಬೇಕು?

2022ರ ನವೆಂಬರ್ 23ರಂದು ಜಪಾನ್ ಜರ್ಮನಿಯನ್ನು 2-1ರಿಂದ ಸೋಲಿಸಿತು. ಜಗತ್ತೇ ಬೆರಗಾಯಿತು. ನಾಲ್ಕು ದಿನ ಬಿಟ್ಟು ಕೋಸ್ಟರಿಕಾ ಜೊತೆ ಆಟ. 81ನೇ ನಿಮಿಷದಲ್ಲಿ ತಮ್ಮ ಗೋಲಿನ ಹತ್ತಿರ ಬಂದ ಚೆಂಡನ್ನು ಯೋಶಿದಾ ದೂರ ಹೊಡೆಯಲಿಲ್ಲ. ಮೆಲ್ಲಗೆ ಎತ್ತಿ ಕೊಟ್ಟ ಚೆಂಡು ಜೊತೆಗಾರನಿಗೆ ಸರಿಯಾಗಿ ಸಿಗದೆ ಎದುರಾಳಿಯ ಕಾಲಿಗೆ ಹೋಯಿತು, ಗೋಲಾಯಿತು. ಜಪಾನ್ 0-1ರಿಂದ ಸೋತಿತು. ನಾಯಕನ ಕಾಲಿನಿಂದಲೇ ತಪ್ಪಾಗಿತ್ತು.

ಮುಂದಿನ ಆಟ ಡಿಸೆಂಬರ್ 1ರಂದು, ಸ್ಪೇನ್ ಜೊತೆ. ಮತ್ತೆ ಅದೇ ಯೋಶಿದಾ, ಅದೇ ಜಾಗದಲ್ಲಿ. ಆ ಆಟದಲ್ಲಿ ಜಪಾನಿಗೆ ಚೆಂಡು ಸಿಕ್ಕಿದ್ದು ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಉಳಿದ ಹೊತ್ತೆಲ್ಲ ಬಾಗಿಲು ಕಾಯುವುದೇ ಕೆಲಸ. ಕಾಯ್ದರು. ಜಪಾನ್ 2-1ರಿಂದ ಗೆದ್ದು ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗುತ್ತಿತ್ತು. ಡಿಸೆಂಬರ್ 5ರಂದು ಕ್ರೊವೇಷಿಯಾ ಜೊತೆಗಿನ ಆಟ 1-1 ಸಮವಾಗಿ ಪೆನಾಲ್ಟಿಗೆ ಹೋಯಿತು. ಜಪಾನಿನ ನಾಲ್ಕನೇ ಪೆನಾಲ್ಟಿ ಹೊಡೆಯಲು ಯೋಶಿದಾ ಬಂದರು. ಗೋಲ್‌ಕೀಪರ್ ಅದನ್ನು ತಡೆದ. ಜಪಾನ್ ಹೊರಬಿತ್ತು. ಆದರೂ ಅವರು ಆಟ ಬಿಡಲಿಲ್ಲ. 2023ರಲ್ಲಿ ಅಮೆರಿಕದ ಎಲ್‌ಎ ಗ್ಯಾಲಕ್ಸಿ ಸೇರಿದರು. 2024ರ ಡಿಸೆಂಬರ್‌ನಲ್ಲಿ ಆ ತಂಡ ಅಲ್ಲಿನ ಲೀಗ್ ಕಪ್ ಗೆದ್ದಾಗ ನಾಯಕ ಅವರೇ. ಆಗ ವಯಸ್ಸು 36.

ಅವರು ಬೌದ್ಧರು ಅಂತ ನಾನು ಇದನ್ನು ಹೇಳುತ್ತಿಲ್ಲ. ಧಮ್ಮ ಎಲ್ಲಿ ಕಂಡರೂ ಧಮ್ಮವೇ. ಪಂಚ ನೀವರಣಗಳಲ್ಲಿ ಒಂದು ಉದ್ಧಚ್ಚ-ಕುಕ್ಕುಚ್ಚ. ಉದ್ಧಚ್ಚ ಅಂದರೆ ಮನಸ್ಸಿನ ಚಡಪಡಿಕೆ. ಕುಕ್ಕುಚ್ಚ ಅಂದರೆ ಆಗಿಹೋದದ್ದನ್ನೇ ನೆನೆದು ಒಳಗೊಳಗೆ ಕೊರಗುವುದು. ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ, ಕೊರಗುವುದು ಬೇರೆ. ಒಪ್ಪಿಕೊಂಡವನು ತಿದ್ದಿಕೊಳ್ಳುತ್ತಾನೆ. ಕೊರಗುವವನ ಕಣ್ಣು ಹಿಂದೆಯೇ ಇರುತ್ತದೆ, ಮುಂದೆ ಬರುವ ಕಳ್ಳ ಅವನಿಗೆ ಕಾಣುವುದಿಲ್ಲ. ಒಂದು ತಪ್ಪು ಎರಡಾಗುವುದು ಹೀಗೆ.

ಈ ಮಾತು ನಮಗೆ ಯಾಕೆ ಬೇಕು? ಹುನಗುಂದ ಕಡೆಯ ನಮ್ಮ ಒಬ್ಬ ಹುಡುಗ ಪ್ರತಿ ರವಿವಾರ ವಂದನೆಗೆ ಬರುತ್ತಿದ್ದ. ನೌಕರಿಯ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿತು. "ಮೀಸಲಾತಿ ಇದ್ದೂ ಆಗಲಿಲ್ಲವಾ?" ಎಂದು ಯಾರೋ ನಕ್ಕರು. ಅಂದಿನಿಂದ ಅವನು ಬರುವುದನ್ನು ನಿಲ್ಲಿಸಿದ. ಬೇರೆಯವರ ಮಗ ಸೋತರೆ ಅವನೊಬ್ಬ ಸೋತ ಅನ್ನುತ್ತಾರೆ. ನಮ್ಮ ಮಗ ಸೋತರೆ ಇಡೀ ಕೇರಿಯ ಹೆಸರು ಎತ್ತುತ್ತಾರೆ. ಇದು ಅನ್ಯಾಯ. ಇದನ್ನು ಸಂಘಟನೆಯಿಂದ, ಕಾನೂನಿನಿಂದ ಎದುರಿಸಲೇಬೇಕು. ಆದರೆ ಆ ನಗೆಯನ್ನು ನಮ್ಮ ಮನಸ್ಸಿನ ಬಾಗಿಲೊಳಗೆ ಬಿಟ್ಟುಕೊಳ್ಳಬಾರದು. ಹೊರಗಿನವರು ಹೇಳಿದ ಮಾತನ್ನೇ ನಾವು ರಾತ್ರಿಯೆಲ್ಲ ನಮಗೆ ಹೇಳಿಕೊಂಡರೆ, ಅವರ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಬಾಬಾಸಾಹೇಬರನ್ನು ನೆನೆಯಿರಿ. ಹಿಂದೂ ಕೋಡ್ ಬಿಲ್ ನಿಂತುಹೋಗಿ 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. 1952ರಲ್ಲಿ ಮುಂಬೈಯಲ್ಲಿ ಲೋಕಸಭೆ ಚುನಾವಣೆ ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರಿಗೆ ಎರಡು ಸೋಲು! ಮೈಯಲ್ಲಿ ಕಾಯಿಲೆ ಬೇರೆ. ಆಗ ಅವರು ಕೊರಗುತ್ತ ಕುಳಿತಿದ್ದರೆ 1956ರ ಅಕ್ಟೋಬರ್ 14 ಬರುತ್ತಿರಲಿಲ್ಲ. ಇವತ್ತು ನಾವು ಒಬ್ಬರಿಗೊಬ್ಬರು ನಮೋ ಬುದ್ಧಾಯ ಅನ್ನುತ್ತಲೂ ಇರಲಿಲ್ಲ.

ಇಳಕಲ್‌ನ ನೇಕಾರ ಅಕ್ಕ ಅಣ್ಣಂದಿರಿಗೆ ಇದು ಕೈಯಿಂದಲೇ ಗೊತ್ತು. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಹರಿದ ತುದಿ ಹುಡುಕಿ, ಗಂಟು ಹಾಕಿ ಮತ್ತೆ ನೇಯುತ್ತಾರೆ. ಎಳೆ ಹರಿಯಿತೆಂದು ಸೀರೆಯನ್ನೇ ಬಿಡುವುದಿಲ್ಲ. ಹರಿದದ್ದನ್ನು ನೋಡದವರ ಹಾಗೆ ಮುಂದೆ ಹೋಗುವುದೂ ಇಲ್ಲ.

*ಇಂದಿನ ಅಭ್ಯಾಸ:* ರಾತ್ರಿ ಮಲಗುವ ಮುನ್ನ ಐದು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಇವತ್ತು ಎಲ್ಲಿ ಎಚ್ಚರ ತಪ್ಪಿತು?
2. ಅದನ್ನು ಸರಿಪಡಿಸಲು ಏನು ಮಾಡಬೇಕು?
3. ನಾಳೆ ನಾನು ಎಲ್ಲಿ ನಿಲ್ಲಬೇಕು?

ಮೂರನೆಯದಕ್ಕೆ ಉತ್ತರ ಸಿಕ್ಕ ಮೇಲೆ ಮೊದಲನೆಯದಕ್ಕೆ ಹಿಂತಿರುಗಬೇಡಿ. ಮಲಗಿಬಿಡಿ.

ಇನ್ನೊಂದು ಕೆಲಸವಿದೆ. ಸೋತ ನಾಚಿಕೆಯಿಂದ ವಂದನೆಗೆ ಬರುವುದನ್ನು ಬಿಟ್ಟವರು ನಿಮ್ಮ ಓಣಿಯಲ್ಲೂ ಇರಬಹುದು. ಇವತ್ತೇ ಒಂದು ಫೋನ್ ಮಾಡಿ. ಪರೀಕ್ಷೆಯ ಸುದ್ದಿ ತೆಗೆಯಬೇಡಿ. "ರವಿವಾರ ಬಾರಪ್ಪಾ, ನಿನ್ನ ಜಾಗ ಹಾಗೇ ಇದೆ" ಅನ್ನಿ, ಸಾಕು.

ಸಾಧು, ಸಾಧು, ಸಾಧು.
ಜೈ ಭೀಮ್. 🙏