ಕಲ್ಲಿನ ಮನೆಯೂ ಕಾಯಕದ ಫಲವೂ

ತಂದೆತಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಸಮಾಧಿಗೆ ಕಲ್ಲಿನ ಮಂಟಪವನ್ನು ಕಟ್ಟಿಸಬೇಕೆಂಬ ಆಸೆಯು ಮಕ್ಕಳಿಗೆ ಸಹಜವಾದುದು. ಆದರೆ ಹೂಗ್ಯಂ ಸೀಮೆಯಲ್ಲಾಗಲಿ ಬೇರೆಡೆಯಲ್ಲಾಗಲಿ, ಅದಕ್ಕಾಗಿ ಹೊಲವನ್ನು ಒತ್ತೆಯಿಟ್ಟು ಸಾಲ ಮಾಡುವುದು ಭಕ್ತಿಯೋ ಭ್ರಾಂತಿಯೋ ಎಂಬುದನ್ನು ಸದ್ಭಕ್ತರು ವಿಚಾರಿಸಬೇಕು.

ಸಮಾಧಿಯ ವೈಭವದಲ್ಲಿ ಈಜಿಪ್ಟ್ ದೇಶದ ದೊರೆ ಖುಫುವನ್ನು ಮೀರಿಸಿದವರು ವಿರಳ. ಸುಮಾರು 4,500 ವರ್ಷಗಳ ಹಿಂದೆ ಅವನಿಗಾಗಿ ಎದ್ದ ಗೀಜಾದ ಪಿರಮಿಡ್ಡು ಮೊದಲು ಸುಮಾರು 146 ಮೀಟರು ಎತ್ತರವಿತ್ತು. ಅದರ ಕಲ್ಲುಗಳು ಸುಮಾರು 23 ಲಕ್ಷ. ಬುಡವು ಅಗಲ, ತುದಿಯು ಕಿರಿದು. ಆ ನಾಡಿನಲ್ಲಿ ಮಳೆಯೂ ಅಪರೂಪ. ಆದುದರಿಂದ ಅದು ಇಂದಿಗೂ ನಿಂತಿದೆ. ಆದರೆ ಅದರ ನುಣುಪಾದ ಹೊರಗಲ್ಲುಗಳನ್ನು ಮುಂದಿನವರು ಕಿತ್ತು ಕೈರೋ ನಗರದ ಕಟ್ಟಡಗಳಿಗೆ ಒಯ್ದರು. ಒಳಗಿನ ಕಲ್ಲಿನ ಪೆಟ್ಟಿಗೆ ಬರಿದಾಗಿದೆ. ದೊರೆಯ ದೇಹವು ದೊರೆತಿಲ್ಲ. 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ದೊರೆತ ಹಳೆಯ ದಿನಚರಿಯಾದರೋ, ಮೆರೆರ್ ಎಂಬ ಮೇಲ್ವಿಚಾರಕನು ತನ್ನ ತಂಡದೊಡನೆ ತುರಾದ ಸುಣ್ಣದ ಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದುದನ್ನು ಹೇಳುತ್ತದೆ. ಅರಸನ ದೇಹ ಕಾಣದಾಯಿತು. ದುಡಿದವನ ದಿನದ ಲೆಕ್ಕ ಉಳಿಯಿತು.

ಕನ್ನಡ ನಾಡಿನಲ್ಲಿಯೂ ಇಂಥ ನಿದರ್ಶನವುಂಟು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ 2,000 ವರ್ಷಗಳಿಗೂ ಹಿಂದಿನ ನೂರಾರು ಕಲ್ಲಿನ ಗೋರಿಮನೆಗಳಿವೆ. ಗಾರೆಯಿಲ್ಲದೆ, ಚಪ್ಪಡಿಗೆ ಚಪ್ಪಡಿಯೇ ಆಸರೆಯಾಗಿ ಅವು ನಿಂತಿವೆ. ಜನರು ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಯಾರ ನೆನಪಿಗಾಗಿ ಅವು ಎದ್ದವೋ ಅವರ ಹೆಸರುಗಳಲ್ಲಿ ಒಂದೂ ಉಳಿದಿಲ್ಲ.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದೆಣಿಸಿದುದರ ಮರ್ಮವು ಇಲ್ಲಿದೆ. ಕಲ್ಲು ಉಳಿದರೂ ಕಟ್ಟಿಸಿದವನ ಎಣಿಕೆಯು ಉಳಿಯದು. ಹಾಗೆಂದು ಕಟ್ಟುವುದೇ ವ್ಯರ್ಥವೆಂದಲ್ಲ. ಹೂಗ್ಯಂ ಜಲಾಶಯದ ಏರಿಯೂ ಮನುಷ್ಯರೇ ಕಟ್ಟಿದುದು. ಅದು ಯಾರ ದೇಹವನ್ನೂ ಕಾಯದು. ಮಳೆಯ ನೀರನ್ನು ಕಾಯುವುದು. ಆ ನೀರು ಹೊಲಕ್ಕೆ ಹರಿದು ಅನ್ನವಾಗುವುದು. ಯಾರಿಗಾಗಿ ಕಟ್ಟಿತು ಎಂಬುದರಿಂದಲೇ ಕಟ್ಟಡದ ಬೆಲೆ.

ಆದುದರಿಂದ ಹಿರಿಯರ ಸಮಾಧಿಗೆ ವಿಭೂತಿಯೂ ಬಿಲ್ವಪತ್ರೆಯೂ ಸಾಕು. ಮಂಟಪಕ್ಕೆಂದು ಕೂಡಿಟ್ಟ ಹಣವು ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರಿಗೆ ನೀರೂ ಅನ್ನವೂ ಆಗಲಿ. ಬಡವರ ಮಗುವಿನ ಓದಿಗೆ ನೆರವಾಗಲಿ. ಹೊಲವು ಸಾಲಕ್ಕೆ ಸಿಕ್ಕದೆ ಮನೆಯವರಿಗೆ ಉಳಿಯಲಿ. ಆಗ ಹಿರಿಯರ ಹೆಸರನ್ನು ಲೋಕವು ಮರೆತರೂ ಅವರ ಕಾಯಕವು ನಿಲ್ಲದು.