ಮೀಸೆಯ ಮಣ್ಣು, ಬೆನ್ನಿನ ಮಣ್ಣು

ಉಣಕಲ್ ಕೆರೆಯ ದಂಡೆಗೆ ಬೆಳಗಿನ ಹೊತ್ತು ಬರುವವರಲ್ಲಿ ಎರಡು ಪಂಗಡ. ಪಿಂಚಣಿಯವರು ಒಂದು, ಪೊಲೀಸ್ ಭರ್ತಿಗೆಂದು ಓಡಿ ಅಭ್ಯಾಸ ಮಾಡುವ ಹುಡುಗರು ಇನ್ನೊಂದು. ಮೊದಲನೆಯವರು ಎರಡು ಸುತ್ತು ನಡೆದು ಬೆಂಚು ಹಿಡಿಯುತ್ತಾರೆ, ಆಮೇಲೆ ಎರಡನೆಯವರ ಭವಿಷ್ಯ ನುಡಿಯುತ್ತಾರೆ. ನಾನು ಬೆಂಚಿನವನು.

ಮೊನ್ನೆ ಒಬ್ಬ ಹುಡುಗ ದಮ್ಮು ಆರಿಸಿಕೊಳ್ಳಲು ನಮ್ಮ ಹತ್ತಿರ ನಿಂತ. ಮುಖಪರಿಚಯದವನೇ. ಧಾರವಾಡದ ಸಪ್ತಾಪುರದಲ್ಲಿ ನಾಲ್ಕು ಜನ ಕೂಡಿ ರೂಮು ಮಾಡಿಕೊಂಡು ಓದುತ್ತಿದ್ದ. ಖರ್ಚು ತಾಳದೆ ಈಗ ಇಲ್ಲಿ ಅಕ್ಕನ ಮನೆಯಲ್ಲಿದ್ದಾನೆ, ಕ್ಲಾಸಿಗೆ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತಾನೆ.

"ಏನಪಾ ತಮ್ಮಾ, ಎಷ್ಟನೇ ಸಲ ಇದು?" ಬೆಂಚಿನ ಹಿರಿಯರೊಬ್ಬರು ಕೇಳಿದರು.

"ಎಣಿಸೋದು ಬಿಟ್ಟೇನ್ರೀ ಕಾಕಾ. ಒಮ್ಮೆ ಪರೀಕ್ಷಾನ ರದ್ದಾತು. ಒಮ್ಮೆ ಪ್ರಶ್ನೆ ಇಂಗ್ಲಿಷಿನ್ಯಾಗ ಒಂದಿತ್ತು, ಕನ್ನಡದಾಗ ಇನ್ನೊಂದಿತ್ತು. ನಾ ಸೋತೇನಿ ಅಂತ ಹೆಂಗ ಒಪ್ಪಲಿ ಹೇಳ್ರಿ?"

ಕಾಕಾ ನಕ್ಕರು. "ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂದಂಗಾತು."

ಬೆಂಚೆಲ್ಲ ನಕ್ಕಿತು. ಹುಡುಗನೂ ನಕ್ಕ, ಬಗ್ಗಿ ಬೂಟಿನ ಲೇಸು ಬಿಗಿದುಕೊಂಡು ಓಡಿದ. ನಾನೂ ನಕ್ಕಿದ್ದೆ. ಮನೆಗೆ ಬಂದು ಚಹಾ ಕುಡಿಯುವಾಗ ಮಾತ್ರ, ಆ ಗಾದೆಯನ್ನು ಆ ಹುಡುಗನಿಗೆ ಅನ್ವಯಿಸಿದ್ದು ತಪ್ಪಾಯಿತೆನಿಸಿತು. ಎರಡು ದಿನ ಕಳೆದರೂ ಅದು ತಲೆಯಿಂದ ಇಳಿದಿಲ್ಲ.

ಈ ಗಾದೆಗೆ ಎರಡು ಅರ್ಥ ಚಾಲ್ತಿಯಲ್ಲಿವೆ. ಸೋಲನ್ನು ಒಪ್ಪದ ಭಂಡನ ಮೇಲಿನ ಕಟಕಿ ಎಂಬುದು ಶಾಲೆಯಲ್ಲಿ ಹೇಳಿಕೊಡುವ ಅರ್ಥ. ಸುಳ್ಳಲ್ಲ, ಆದರೆ ಅರ್ಧ. ಬಿದ್ದರೂ ಮಾನ ಉಳಿಸಿಕೊಂಡವನ ಹೊಗಳಿಕೆ ಎಂದು ಕೆಲವರು ಭಾಷಣದಲ್ಲಿ ತಿರುಗಿಸುತ್ತಾರೆ. ಅದು ಗರಡಿಮನೆಯ ಹೊಸ್ತಿಲು ತುಳಿಯದವರ ಅರ್ಥ, ಅದನ್ನು ಬಿಟ್ಟುಬಿಡೋಣ.

ಗರಡಿಯ ಮಣ್ಣಿನಲ್ಲಿ ಒಂದು ದಿನ ಹೊರಳಿದವನಿಗೂ ಗೊತ್ತಿರುವ ಸಂಗತಿ ಬೇರೆ. ನಮ್ಮ ಮಣ್ಣಿನ ಕುಸ್ತಿಯಲ್ಲಿ ಬೋರಲು ಬಿದ್ದವನು ಸೋತವನಲ್ಲ. ಮುಖ ಮಣ್ಣಿಗೆ ತಾಗಲಿ, ಮೀಸೆಯಲ್ಲಿ ಮಣ್ಣು ಮೆತ್ತಲಿ, ಬಾಯೊಳಗೇ ಹೋಗಲಿ, ಕುಸ್ತಿ ಇನ್ನೂ ನಡೆದಿದೆ ಎಂದೇ ಲೆಕ್ಕ. ನೆಲ ಹಿಡಿದು ಬಿಗಿಯಾಗಿ ಮಲಗುವುದು ಅಲ್ಲಿ ಒಂದು ರಕ್ಷಣೆ. ಸೋಲು ಅಂದರೆ ಚಿತ್ ಆಗುವುದು, ಅಂಗಾತ ಬಿದ್ದು ಬೆನ್ನಿಗೆ ಮಣ್ಣು ಹತ್ತುವುದು. ಈಗ ಗಾದೆಯನ್ನು ಮತ್ತೊಮ್ಮೆ ಓದಿ. ಮೀಸೆ ಮಣ್ಣಾಗಲಿಲ್ಲ ಅಂದರೆ ಜಟ್ಟಿ ಬೋರಲು ಬಿದ್ದಿಲ್ಲ. ಬೋರಲು ಬಿದ್ದಿಲ್ಲ ಅಂದರೆ ಅಂಗಾತ ಬಿದ್ದಿದ್ದಾನೆ. ಅವನು ಜಂಬದಿಂದ ತೋರಿಸುತ್ತಿರುವ ಸ್ವಚ್ಛ ಮೀಸೆಯೇ ಅವನ ಸೋಲಿನ ದಾಖಲೆ! ಗಾದೆ ಕಟ್ಟಿದವನು ಖಂಡಿತ ಕುಸ್ತಿ ಬಲ್ಲವನು. ನಗೆ ಇರುವುದು ಆ ಮೀಸೆಯಲ್ಲಲ್ಲ, ಜಟ್ಟಿ ತಿರುಗಿ ಹೊರಟಾಗ ಜನಕ್ಕೆ ಕಾಣುವ ಬೆನ್ನಿನಲ್ಲಿ.

ಹಾಗಾದರೆ ಜಟ್ಟಿ ಮಾಡಿದ ತಪ್ಪೇನು? ಸೋಲು ಒಪ್ಪದ್ದಲ್ಲ. ಆಟ ಮುಗಿದ ಮೇಲೆ ಅಳತೆಗೋಲು ಬದಲಿಸಿದ್ದು. ಬೆನ್ನು ನೋಡಬೇಕಾದ ಕಡೆ ಮೀಸೆ ನೋಡಿ ಎಂದದ್ದು. ನನ್ನ ವಾದ ಇಷ್ಟೇ: ಜಟ್ಟಿಯ ಮಾತು ನಗೆಪಾಟಲಾಗುವುದು ಗರಡಿಯ ನಿಯಮ ಅಷ್ಟು ಸ್ಪಷ್ಟವಾಗಿರುವುದರಿಂದ. ಬೆನ್ನಿನ ಮಣ್ಣು ಕಾಣದ ಕಡೆ ಈ ಗಾದೆ ಬಳಸುವ ಹಕ್ಕು ನಮಗಿಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಜಾತ್ರೆಯ ಕುಸ್ತಿ ನೆನಪಿದೆ. ಹಲಗಿ ಬಡಿತ ನಿಂತಾಗ ಹತ್ತು ಸಾಲು ಹಿಂದಿನವನಿಗೂ ಫಲಿತಾಂಶ ಗೊತ್ತು. ಯಾರೂ ಮೈಕಿನಲ್ಲಿ ಹೇಳಬೇಕಾಗಿರಲಿಲ್ಲ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಹದ ಮಾಡಿರುತ್ತಾರಲ್ಲ, ಅದು ಬೆವರಿನ ಮೈಗೆ ಹತ್ತಿದರೆ ಬಿಡುವುದಿಲ್ಲ. ಸೋತ ಹುಡುಗನೊಬ್ಬ ತನ್ನ ವಸ್ತಾದರ ಎದುರು ತಲೆ ತಗ್ಗಿಸಿ ನಿಂತಿದ್ದ. ವಸ್ತಾದರು ಏನೂ ಅನ್ನಲಿಲ್ಲ, ಅವನನ್ನು ತಿರುಗಿಸಿ ಅಂಗೈಯಿಂದ ಬೆನ್ನಿನ ಮಣ್ಣು ಒರೆಸತೊಡಗಿದರು. ಭುಜದಿಂದ ಸೊಂಟದವರೆಗೆ ಬೆರಳಿನ ಗೆರೆ ಮೂಡಿದವು. ಆಮೇಲೆ ಗೆದ್ದವನು ಬಂದು ಅದೇ ವಸ್ತಾದರ ಕಾಲು ಮುಟ್ಟಿದ. ಜನ ಸೋತವನ ಕೈಗೂ ಹತ್ತಿಪ್ಪತ್ತು ರೂಪಾಯಿ ತುರುಕಿದರು. ಅವನು ಯಾರ ಮೇಲೂ ದೂರು ಹೇಳಲಿಲ್ಲ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಕುಸ್ತಿ ಶುರುವಾಗುವ ಮೊದಲೇ ಅರ್ಧ ನ್ಯಾಯ ಆಗಿಹೋಗಿರುತ್ತದೆ ಎಂಬುದನ್ನೂ ಹೇಳಬೇಕು. ಊರ ಹಿರಿಯರು ಜೋಡಿ ಕಟ್ಟುವಾಗ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕತ್ತು, ಭುಜ, ತೊಡೆ ನೋಡುತ್ತಾರೆ. ಜೋಡಿ ಸರಿಯಿಲ್ಲದಿದ್ದರೆ ನೆರೆದ ಜನವೇ "ಏ, ಇದು ಜೋಡಿ ಅಲ್ಲೋ" ಎಂದು ಕೂಗುತ್ತದೆ. ಈಗ ಮ್ಯಾಟಿನ ಮೇಲೆ ಆ ಕೆಲಸವನ್ನು ತಕ್ಕಡಿ ಮಾಡುತ್ತದೆ.

ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇನ್ನೂ ಕಠೋರ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಬೋಳುತಲೆಯ ಇಬ್ಬರು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಚಿಮ್ಮಿದ ಕೂಡಲೇ ಮುಗಿಯಿತು, ಎರಡನೆಯ ಏಟಿಗೆ ಕಾಯುವಂತಿಲ್ಲ. ಎಷ್ಟೋ ಸಲ ಅರೆ ನಿಮಿಷವೂ ಆಗಿರುವುದಿಲ್ಲ. ರಕ್ತ ನೋಡಿ ಖುಷಿಪಡುವವನಲ್ಲ ನಾನು. ಆದರೆ ಎಲ್ಲಿಗೆ ನಿಲ್ಲಿಸಬೇಕೆಂದು ಇಷ್ಟು ಖಚಿತವಾಗಿ ಬಲ್ಲ ಆಟ ಬೇರೆ ಯಾವುದಿದೆ?

ಕಣ್ಣಿಗೆ ಕಾಣುವ ನಿಯಮವೊಂದಿದ್ದರೆ ಸಾಕೇ ಎಂದು ಕೇಳುವವರಿಗೆ ಒಂದು ಹಳೆಯ ಕತೆ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಜ್ಬಿಸ್ಕೊಗೂ ಕುಸ್ತಿ. ಜ್ಬಿಸ್ಕೊ ಮೊದಲ ನಿಮಿಷದಲ್ಲೇ ಕೆಳಗೆ ಬಿದ್ದ, ಬಿದ್ದವನು ಬೋರಲಾಗಿ ನೆಲ ಹಿಡಿದ. ಎರಡೂವರೆ ತಾಸು ಹೆಚ್ಚುಕಡಿಮೆ ಹಾಗೇ ಇದ್ದ! ಗಾಮಾ ಎಷ್ಟು ಎಳೆದರೂ ಬೆನ್ನು ತಿರುಗಲಿಲ್ಲ, ಕುಸ್ತಿ ಸಮ ಎಂದರು. ಮುಂದಿನ ಶನಿವಾರ ಮತ್ತೆ ಆಡಬೇಕಿತ್ತು, ಜ್ಬಿಸ್ಕೊ ಬರಲೇ ಇಲ್ಲ, ಗೆದ್ದವನಿಗೆ ಕೊಡುವ ಬೆಲ್ಟ್ ಗಾಮಾನ ಪಾಲಾಯಿತು. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷ ತುಂಬುವುದರೊಳಗೆ ಅವನನ್ನು ಚಿತ್ ಮಾಡಿದ. ಲಂಡನ್ನಿನಲ್ಲಿ ಜ್ಬಿಸ್ಕೊ ನಿಯಮ ಮುರಿದಿರಲಿಲ್ಲ, ಸೋತೂ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಮೀಸೆಗೆ ಪೂರಾ ಮಣ್ಣು ಮಾಡಿಕೊಂಡಿದ್ದ. ಆದರೆ ದುಡ್ಡು ಕೊಟ್ಟು ಬಂದ ಜನ ಆ ಎರಡೂವರೆ ತಾಸು ನೋಡಿದ್ದೇನು? ಅದಕ್ಕೇ ಇರಬೇಕು, ಇವತ್ತಿನ ಮ್ಯಾಟ್ ಕುಸ್ತಿಯಲ್ಲಿ ಸುಮ್ಮನೆ ತಡೆದುಕೊಂಡೇ ಇರುವವನಿಗೆ ಎಚ್ಚರಿಕೆ ಕೊಟ್ಟು ಎದುರಾಳಿಗೆ ಅಂಕ ಕೊಡುತ್ತಾರೆ. ನಮ್ಮ ಕಡೆ ಜನ ಸೋಲು-ಗೆಲುವು ನಿಕ್ಕಿಯಾಗಲಿ, "ನಿಕಾಲಿ ಕುಸ್ತಿ ಆಗಬೇಕು" ಎಂದು ಹಟ ಹಿಡಿಯುವುದೂ ಇದಕ್ಕೇ. ಸೋಲುವುದಕ್ಕೆ ತಯಾರಿಲ್ಲದವನ ಜೊತೆ ಆಡಿ ಸುಖವಿಲ್ಲ.

ಸುಖದ ಮಾತು ಬಂತು. ಪಂಚಮಿಯ ಪೈಜು ಆಡಿದವರಿಗೆ ಅದು ಗೊತ್ತು. ಇಂತಿಷ್ಟು ಎಸೆತದಲ್ಲಿ ಲಿಂಬಿಹಣ್ಣನ್ನು ಅಗಸಿಯಿಂದ ಹೊಲದ ಬಾವಿಗೆ ಮುಟ್ಟಿಸಬೇಕು, ಸೋತವನು ಕೊಬ್ಬರಿ ಕೊಡಬೇಕು. ಊರ ಹುಡುಗರೆಲ್ಲ ಹಣ್ಣಿನ ಹಿಂದೆ ಓಡುತ್ತಿದ್ದರು, ಎಸೆತ ಎಣಿಸುವವರು ಅವರೇ. ಗೆದ್ದ ಕೊಬ್ಬರಿಯಲ್ಲಿ ಸೋತವನಿಗೂ ಒಂದು ಚೂರು ಇರುತ್ತಿತ್ತು. ಈಗ ನನ್ನ ಫೋನಿಗೆ ಬರುವ ಸ್ಪರ್ಧೆಗಳನ್ನು ನೋಡಿ: "ನನ್ನ ಮೊಮ್ಮಗಳ ಕೃಷ್ಣವೇಷದ ಫೋಟೋ ಇದೆ, ಲಿಂಕ್ ಒತ್ತಿ ವೋಟ್ ಹಾಕಿರಿ, ನಿಮ್ಮ ಮನೆಯವರೆಲ್ಲರ ನಂಬರಿನಿಂದಲೂ ಹಾಕಿಸಿರಿ." ಅಲ್ಲಿ ಗೆಲ್ಲುವುದು ಮಗುವಿನ ವೇಷವಲ್ಲ, ಅಜ್ಜನ ಫೋನಿನ ನಂಬರುಗಳು. ನಾನು ಹಾಕುವುದಿಲ್ಲ. ಅದಕ್ಕಾಗಿ ಇಬ್ಬರು ಬೀಗರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ಪ್ರಬಂಧ ಸ್ಪರ್ಧೆಗೆ ತೀರ್ಪು ಕೊಡಲು ಹೋಗಿದ್ದೆ. ನಲವತ್ತು ಪ್ರಬಂಧ, ಒಂದು ತಾಸು. ಓದಿದೆ, ಅಂಕ ಹಾಕಿದೆ, ಶಾಲು ಹೊದೆಸಿಕೊಂಡೆ. ಗೇಟಿನ ಹತ್ತಿರ ಎಣ್ಣೆಜಡೆಯ ಹುಡುಗಿಯೊಬ್ಬಳು ಬಂದು "ಸರ್, ನನ್ನ ಪ್ರಬಂಧದಾಗ ಏನು ಕಮ್ಮಿ ಬಿತ್ರೀ?" ಎಂದಳು. ಜಗಳದ ಧ್ವನಿಯಲ್ಲ, ತಿಳಿದುಕೊಳ್ಳುವ ಆಸೆ. ಅವಳ ಪ್ರಬಂಧ ಯಾವುದೆಂದೇ ನನಗೆ ನೆನಪಿರಲಿಲ್ಲ. "ಚಲೋ ಬರದೀ, ಇನ್ನೂ ಓದು" ಎಂದು ಜಾರಿಕೊಂಡೆ. ಪ್ರಬಂಧಕ್ಕೆ, ಹಾಡಿಗೆ, ರಂಗೋಲಿಗೆ ಬೆನ್ನಿನ ಮಣ್ಣು ಇರುವುದಿಲ್ಲ, ನಿಜ. ಆದರೆ ಅಂಚಿನಲ್ಲಿ ಎರಡು ಸಾಲು ಬರೆದು ಹಾಳೆ ತಿರುಗಿ ಕೊಡುವುದು ನನ್ನ ಕೈಲಿತ್ತು. ಆ ಎರಡು ಸಾಲು ಸಿಕ್ಕಿದ್ದರೆ ಅವಳಿಗೆ ಬಹುಮಾನ ಬರದಿದ್ದರೂ ಬಂದದ್ದು ಸಾರ್ಥಕವಾಗುತ್ತಿತ್ತು. ಆಮೇಲಿಂದ ಬರೆದು ಕೊಡುತ್ತೇನೆ. ಹಾಗಾಗಿ ಕರೆಯುವವರು ಕಡಿಮೆಯಾಗಿದ್ದಾರೆ, ತಡವಾಗುತ್ತದಂತೆ.

ಕೆರೆ ದಂಡೆಯ ಹುಡುಗನ ಕತೆ ಇದಕ್ಕಿಂತ ದೊಡ್ಡದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. ನಡುವಿನ ಎರಡೂ ಚಿಲ್ಲರೆ ವರ್ಷ ಎಷ್ಟೋ ಹುಡುಗರ ಪಾಲಿಗೆ ವಯೋಮಿತಿಯ ಲೆಕ್ಕ. ಆ ಅಕ್ರಮದಲ್ಲಿ ಜನರ ಕಣ್ಣು ತೆರೆಸಿದ್ದು ಏನು ಗೊತ್ತೇ? ಓಎಂಆರ್ ಹಾಳೆಯ ಕಾರ್ಬನ್ ಪ್ರತಿ. ಅಭ್ಯರ್ಥಿಯ ಕೈಲಿದ್ದ ಪ್ರತಿಯಲ್ಲಿ ಖಾಲಿ ಉಳಿದ ವೃತ್ತಗಳಿಗೂ ಅವನಿಗೆ ಬಂದ ಅಂಕಕ್ಕೂ ತಾಳೆಯಾಗಲಿಲ್ಲ. ನೀಲಿ ಮಸಿ ಹತ್ತಿದ ಆ ತೆಳು ಹಾಳೆಯೇ ಇಲ್ಲಿಯ ಬೆನ್ನಿನ ಮಣ್ಣು. ಅದು ಇದ್ದುದರಿಂದಲೇ ಬೋರಲು ಯಾರು, ಅಂಗಾತ ಯಾರು ಎಂದು ಕೇಳುವುದಾದರೂ ಸಾಧ್ಯವಾಯಿತು.

ಹುಡುಗನ ಎರಡನೆಯ ದೂರು ಇನ್ನೊಂದು ಪರೀಕ್ಷೆಯದು. 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆಗೆ ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಅದೂ ಆಯಿತು. ಅದರಲ್ಲೂ ಅನುವಾದದ ತಪ್ಪುಗಳು ಬಂದು ಹುಡುಗರು ಮತ್ತೆ ಬೀದಿಗಿಳಿದರು. ಕನ್ನಡ ನಾಡಿನ ಅಖಾಡದಲ್ಲಿ ಕನ್ನಡದಲ್ಲಿ ಓದಿದವನ ಕಾಲ ಕೆಳಗಿನ ಮಣ್ಣೇ ಬೇರೆ ಎಂದಾದರೆ ಅದು ಜೋಡಿಯೇ ಅಲ್ಲ. ಜಾತ್ರೆಯ ಜನವಾಗಿದ್ದರೆ ಕುಸ್ತಿ ಬಿಡುತ್ತಲೇ ಇರಲಿಲ್ಲ.

ಜಟ್ಟಿ ಅಳತೆಗೋಲನ್ನು ಆಟ ಮುಗಿದ ಮೇಲೆ ಬದಲಿಸಿದ್ದಕ್ಕೆ ನಾವು ತಲೆತಲಾಂತರದಿಂದ ನಗುತ್ತಿದ್ದೇವೆ. ಇಲ್ಲಿ ಅಳತೆಗೋಲು ಕೆಡಿಸಿದವರು ಅಖಾಡ ಹಾಕಿದವರು. ನಗೆ ಮಾತ್ರ ಕೆಳಗೆ ಬಿದ್ದ ಹುಡುಗನ ಪಾಲಿಗೆ. ಅಂದು ಬೆಂಚಿನ ಮೇಲೆ ನಕ್ಕ ನಮಗೆಲ್ಲ ಹಿಂದೆ ಒಂದೇ ಅರ್ಜಿಗೆ, ಒಂದೇ ಸಂದರ್ಶನಕ್ಕೆ ನೌಕರಿ ಸಿಕ್ಕಿತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಕಾಕಾ ಅವರು ಈ ಪತ್ರಿಕೆ ಓದುತ್ತಾರೆ, ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ. ಆ ಹುಡುಗ ನಾಳೆಯೂ ಆರೂವರೆಗೆ ದಂಡೆಗೆ ಬರುತ್ತಾನೆ. ಅವನ ಬ್ಯಾಗಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಕಾರ್ಬನ್ ಪ್ರತಿಗಳನ್ನೂ ಮಡಚಿ ಇಟ್ಟಿದ್ದಾನಂತೆ. ಒಮ್ಮೆ ಇಸಿದುಕೊಂಡು, ಚಷ್ಮಾ ಹಾಕಿಕೊಂಡು ಓದಿರಿ. ಆಮೇಲೆ ಬೇಕಿದ್ದರೆ ಗಾದೆ ಹೇಳಿರಿ.