ಆಳು ಮಾಡಿದ್ದು ಯಾಕೆ ಹಾಳು?

‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು.’

ಗಾದೆಯಲ್ಲಿ ಮೂವರು ಬರುತ್ತಾರೆ, ಮಾತಾಡುವವನು ಒಬ್ಬನೇ. ಅವನು ಹೊಲದ ಒಡೆಯ. ಆಳಿನ ಬಾಯಿಂದ ಈ ಮಾತು ಹುಟ್ಟಿರಲಾರದು, ಮಗನೂ ತನ್ನನ್ನು ತಾನೇ ಮಧ್ಯಮ ಎಂದು ಕರೆದುಕೊಳ್ಳಲಾರ. ಆದರೂ ಒಡೆಯನ ಲೆಕ್ಕದಲ್ಲಿ ಹುರುಳಿದೆ. ರಾಗಿ ಪೈರಿನ ಕಳೆ ಸರಿಯಾಗಿ ತೆಗೆಯದಿದ್ದರೆ ವರ್ಷವಿಡೀ ಕಷ್ಟಪಡುವವನು ಅವನು. ಮಗನಿಗೆ ಅದರಲ್ಲಿ ಅರ್ಧ ಬಿಸಿ ತಟ್ಟುತ್ತದೆ. ಆಳು ಸಂಜೆ ಕೂಲಿ ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ನಷ್ಟ ಯಾರ ಮೈಗೆ ಎಷ್ಟು ತಾಗುತ್ತದೋ ಅವರ ಗಮನ ಅಷ್ಟು ಗಟ್ಟಿ. ಇಲ್ಲಿಯವರೆಗೆ ತಕರಾರಿಲ್ಲ.

ತೊಡಕು ಇರುವುದು ಮೊದಲ ತುಂಡಿನಲ್ಲೇ. ಕೆಲಸವನ್ನು ತಾನೇ ಮಾಡಲು ಬರುತ್ತದೆ, ಸೋಮಾರಿತನ ಬಿಟ್ಟರೆ ಸಾಕು ಎಂದು ಗಾದೆ ನಂಬಿಕೊಂಡಿದೆ. ತಮಿಳುನಾಡಿನ ಗಡಿಯ ಹೊಸೂರಿನ ಕಡೆ ಹೋದರೆ ಈ ನಂಬಿಕೆ ನಿಲ್ಲುವುದಿಲ್ಲ. ಆಲಸನತ್ತಂ, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆಯ ಸುತ್ತ ಮನೆಯಲ್ಲಿ ಕನ್ನಡ ಅಥವಾ ತೆಲುಗು ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡವಾದಾಗ ಹೊಸೂರು ಸೇಲಂ ಜಿಲ್ಲೆಯಲ್ಲಿ, ಮದರಾಸು ರಾಜ್ಯದಲ್ಲೇ ಉಳಿಯಿತು. ಆಮೇಲೆ 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಬಂತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ. ಹೊಲ ಇದ್ದಲ್ಲೇ ಇತ್ತು, ಅದರ ಕಾಗದ ಮಾತ್ರ ತಮಿಳಿನಲ್ಲಿ. ಒಡೆತನದ ಪಟ್ಟಾ ತಮಿಳಿನಲ್ಲಿ, ಚಿಟ್ಟಾ ತಮಿಳಿನಲ್ಲಿ, ಅಡಂಗಲ್ ತಮಿಳಿನಲ್ಲಿ. ಹಳೆಯ ಕನ್ನಡ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತ ಅಜ್ಜಿಗೆ, ಗಂಡ ತೀರಿಕೊಂಡ ಮೇಲೆ ಪಟ್ಟಾ ತನ್ನ ಹೆಸರಿಗೆ ಆಗಬೇಕು ಅನ್ನಿ. ತಾನು ಮಾಡಿದ್ದು ಉತ್ತಮ ಎಂದು ಅವಳಿಗೆ ಹೇಳಿ ಏನು ಉಪಯೋಗ? ಅವಳ ಪಾಲಿಗೆ ಉಳಿದಿರುವುದು ಮಗ, ಇಲ್ಲವೇ ಆಳು: ಮನೆಯ ಹುಡುಗ, ಇಲ್ಲವೇ ತಾಲ್ಲೂಕು ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವನು.

ಹುಡುಗನಿಗೆ ಈಗ ತಮಿಳು ಓದಲು ಬರುತ್ತದೆ. ತಮಿಳುನಾಡಿನ 2006ರ ಕಾಯ್ದೆ ಒಂದನೇ ತರಗತಿಯಿಂದ ಹಂತಹಂತವಾಗಿ ಹತ್ತನೆಯವರೆಗೆ ತಮಿಳನ್ನು ಕಡ್ಡಾಯ ಮಾಡಿತು. ಅದರಿಂದ ಗಡಿಯ ಕನ್ನಡ ಶಾಲೆಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಕಾಯ್ದೆಯನ್ನು ಹೊಗಳಲು ನಾನು ತಯಾರಿಲ್ಲ. ಆದರೂ ಅಜ್ಜಿಯ ಪಟ್ಟಾ ಓದಿ ಹೇಳಲು ಮನೆಯಲ್ಲೇ ಒಬ್ಬ ಸಿಕ್ಕಿದ್ದಾನೆ ಎಂಬುದನ್ನು ಮುಚ್ಚಿಡಲೂ ಆಗದು.

‘ಏನ್ ಬರ್ದವ್ರೆ ಓದಪ್ಪ.’

‘ಎಲ್ಲಾ ಸರಿಯಾಗದೆ, ನೀ ಸುಮ್ನಿರಜ್ಜಿ.’

ಮಧ್ಯಮ ಎಂದರೆ ಇದೇ. ಕೆಲಸದಲ್ಲಿ ಮೋಸವಿಲ್ಲ, ಆದರೆ ಅಜ್ಜಿಗೆ ವಿವರ ಸಿಗಲಿಲ್ಲ. ಬೇರೆಯವರನ್ನು ನೆಚ್ಚಿಕೊಂಡವರ ನಿದ್ದೆ ಕೆಡಿಸುವುದು ಕೆಲಸ ಕೆಟ್ಟಿತೆಂಬ ಸುದ್ದಿ ಅಲ್ಲ. ಕೆಟ್ಟ ಸುದ್ದಿಗಾದರೆ ಒಂದು ದಿನ ಅತ್ತು ಮುಗಿಸಬಹುದು. ಕೆಲಸ ಎಲ್ಲಿಗೆ ಬಂದಿದೆ, ಯಾರ ಕೈಯಲ್ಲಿದೆ, ನಿಂತಿದೆಯೋ ನಡೆದಿದೆಯೋ ಗೊತ್ತಾಗದ ಸ್ಥಿತಿಯೇ ಕಾಡುವುದು. ಆ ಸಂಕಟ ತಡೆಯಲಾರದೆ ಅಜ್ಜಿ ಅದೇ ಕೆಲಸವನ್ನು ಅಳಿಯನಿಗೂ ಹೇಳುತ್ತಾಳೆ, ಪಕ್ಕದ ಮನೆಯವನಿಗೂ ಹೇಳುತ್ತಾಳೆ. ಮೂವರೂ ಇನ್ನೊಬ್ಬ ನೋಡಿಕೊಳ್ಳುತ್ತಾನೆ ಎಂದುಕೊಳ್ಳುತ್ತಾರೆ. ಹಾಳಾಗಲು ಇಷ್ಟು ಸಾಕು, ಆಳು ಬೇಕಿಲ್ಲ.

ಈ ಪೇಚು ಅಜ್ಜಿಯೊಬ್ಬಳದೇ ಆಗಿದ್ದರೆ ಬಿಡಬಹುದಿತ್ತು. ಇದೇ ಕೃಷ್ಣಗಿರಿ ಸೀಮೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯೂ ಇದಕ್ಕೆ ಸಿಕ್ಕಿಬಿದ್ದಿತ್ತು. 1792ರಲ್ಲಿ ಟಿಪ್ಪುವಿನಿಂದ ಈ ಸೀಮೆಯ ಬಾರಾಮಹಲ್ ಕೈಗೆ ಬಂದ ಮೇಲೆ ಕಂಪನಿ ಅಲೆಕ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಯನ್ನು ಕಂದಾಯಕ್ಕೆ ನೇಮಿಸಿತು. ಅವನ ಕೈಕೆಳಗಿನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ, ಮುಂದೆ 1820ರಲ್ಲಿ ಮದರಾಸಿನ ಗವರ್ನರ್ ಆದವನು. ನಡುವೆ ಜಮೀನ್ದಾರ ಬೇಡ, ಸರಕಾರವೇ ಒಬ್ಬೊಬ್ಬ ರೈತನ ಜೊತೆ ನೇರ ಲೆಕ್ಕ ಇಟ್ಟುಕೊಳ್ಳಲಿ ಎಂಬ ರೈತವಾರಿ ಪದ್ಧತಿ ರೂಪ ತಳೆದದ್ದು ಇಲ್ಲಿಯ ಹೊಲಗಳನ್ನು ಅಳೆಯುತ್ತ ಹೋದಾಗ. ತಾನು ಮಾಡಿದ್ದು ಉತ್ತಮ ಎಂಬ ಮಾತನ್ನು ಒಂದು ಸರಕಾರ ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅಪರೂಪ. ಆದರೆ ಯಾವ ಹೊಲ ಯಾರದು, ಎಷ್ಟು ಖುಷ್ಕಿ, ಎಷ್ಟು ತರಿ ಎಂದು ಬರೆದಿಡುವವರು ಯಾರು? ಊರಿನ ಕರಣಂ, ಕನ್ನಡದ ಕಡೆ ಶಾನುಭೋಗ. ನಡುವಿನವನನ್ನು ತೆಗೆಯಲು ಹೊರಟ ಪದ್ಧತಿ ಕೊನೆಗೆ ಕರಣಂನ ಪುಸ್ತಕದ ಮೇಲೆ ನಿಂತಿತು. ಕಲೆಕ್ಟರಿಗೂ ಅವನೇ ಗತಿ, ರೈತನಿಗೂ ಅವನೇ ಗತಿ. ವಂಶಪಾರಂಪರ್ಯವಾಗಿ ಬಂದಿದ್ದ ಆ ಹುದ್ದೆಗಳನ್ನು ಎಂ.ಜಿ.ಆರ್. ಸರಕಾರ 1980ರ ನವೆಂಬರಿನಲ್ಲಿ ರದ್ದು ಮಾಡಿ ಗ್ರಾಮ ಆಡಳಿತಾಧಿಕಾರಿಗಳನ್ನು (ವಿ.ಎ.ಓ.) ತಂದಿತು.

ಹಾಗಾದರೆ ಏನು ಮಾಡಬೇಕು? ಕೆಲಸವನ್ನು ಕೊಟ್ಟರೂ ಅದರ ಹಿಡಿಯನ್ನು ಕೊಡಬಾರದು ಎನ್ನುವುದು ನನ್ನ ಲೆಕ್ಕ. ಪಟ್ಟಾ ವರ್ಗಾವಣೆಯನ್ನೇ ನೋಡಿ. ಅರ್ಜಿಯನ್ನು ಈಗ ಇ-ಸೇವಾ ಕೇಂದ್ರದಲ್ಲಿ ಹಾಕುತ್ತಾರೆ, ಸ್ವೀಕೃತಿ ಚೀಟಿಯ ಮೇಲೆ ಒಂದು ಅರ್ಜಿ ಸಂಖ್ಯೆ ಬರುತ್ತದೆ. ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಬರೆದಿದೆಯೋ ಒ.ಟಿ.ಪಿ. ಬರುವುದು ಅವರಿಗೆ, ಮುಂದಿನ ಸಂದೇಶ ಹೋಗುವುದೂ ಅವರಿಗೇ. ದಲ್ಲಾಳಿಗಳು ತಮ್ಮದೇ ನಂಬರ್ ಬರೆದುಬಿಡುವುದುಂಟು. ಆಗ ಅಜ್ಜಿಯ ಹೊಲದ ಸುದ್ದಿ ಅಜ್ಜಿಗೆ ಬಿಟ್ಟು ದಲ್ಲಾಳಿಗೆ ಗೊತ್ತು. ಇನ್ನೊಂದು ಸಂಗತಿಯೂ ತಿಳಿದಿರಬೇಕು. ಸರ್ವೆ ನಂಬರ್ ಒಡೆಯದೆ ಪೂರ್ತಿ ಹೊಲದ ಹೆಸರು ಬದಲಾಯಿಸುವುದಿದ್ದರೆ ಕಾಗದಪತ್ರದ ಪರಿಶೀಲನೆಯಲ್ಲಿ ಮುಗಿಯುತ್ತದೆ. ಅಣ್ಣತಮ್ಮಂದಿರ ಪಾಲಾಗಿ ನಂಬರ್ ಒಡೆಯಬೇಕಾದರೆ ಸರ್ವೆಯರ್ ಬಂದು ಅಳೆಯಲೇಬೇಕು, ತಡವಾಗುತ್ತದೆ. ತನ್ನದು ಯಾವ ಬಗೆ ಎಂದು ತಿಳಿದವಳಿಗೆ ಕಾಯುವುದು ಅಷ್ಟು ಭಾರವೆನಿಸದು, ಬೈಯಬೇಕಾದವರನ್ನು ಬಿಟ್ಟು ಮೊಮ್ಮಗನನ್ನು ಬೈಯುವುದೂ ತಪ್ಪುತ್ತದೆ. ಚೀಟಿಯ ಒಂದು ನಕಲು ಟ್ರಂಕಿನಲ್ಲಿ, ತನ್ನ ನಂಬರ್ ಅರ್ಜಿಯಲ್ಲಿ, ಯಾವ ದಿನ ಮತ್ತೆ ವಿಚಾರಿಸಬೇಕು ಎಂಬುದು ಕ್ಯಾಲೆಂಡರಿನಲ್ಲಿ. ಅಲ್ಲಿಯವರೆಗೆ ಕೇಳುವ ಹಾಗಿಲ್ಲ. ದಿನಕ್ಕೆ ಮೂರು ಸಲ ಕೇಳಿದರೆ ಉತ್ತರ ‘ಆಗ್ತದೆ’ ಎಂದೇ ಬರುತ್ತದೆ, ಅದರಲ್ಲಿ ಏನೂ ಇರುವುದಿಲ್ಲ.

‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?’ ಎಂಬ ಇನ್ನೊಂದು ಗಾದೆಯನ್ನು ಇದರ ಪಕ್ಕದಲ್ಲಿಡಬೇಕು. ಹೋಗುವವನಿಗೆ ಕೆಲಸದ ತುದಿಯೊಂದನ್ನು ಮಾತ್ರ ಕೊಟ್ಟು ಬುಡ ಹೇಳದೆ ಕಳಿಸಿದರೆ ದಾರಿಯಲ್ಲಿ ಎದುರಾಗುವ ಮೊದಲ ಪ್ರಶ್ನೆಗೇ ಅವನು ನಿಂತುಬಿಡುತ್ತಾನೆ. ‘ಈ ಕಾಗದ ಕೊಟ್ಟು ಬಾ’ ಎಂದು ಕಳಿಸಿದ ಹುಡುಗ, ಕಚೇರಿಯವರು ‘ವಾರಸುದಾರರ ಸರ್ಟಿಫಿಕೇಟ್ ಎಲ್ಲಿ?’ ಎಂದು ಕೇಳಿದರೆ ಏನು ಹೇಳಬೇಕು? ಆಳು ಮಾಡಿದ್ದು ಹಾಳಾದ ಎಷ್ಟೋ ಕಡೆ ಹಾಳು ಆರಂಭವಾದದ್ದು ಒಡೆಯನ ಅರ್ಧ ಮಾತಿನಲ್ಲಿ. ಗಾದೆ ಕಟ್ಟಿದವನು ಆ ತುಂಡನ್ನು ಬಿಟ್ಟಿದ್ದಾನೆ.

ಬಿಟ್ಟ ತುಂಡು ಇನ್ನೂ ಒಂದಿದೆ. ಹಳ್ಳಿಯಲ್ಲಿ ಎಲ್ಲ ಆಳುಗಳೂ ಒಂದೇ ಬಗೆಯವರಾಗಿರಲಿಲ್ಲ. ಸಾಲಕ್ಕೆ ತಲೆ ಕೊಟ್ಟು ವರ್ಷಗಟ್ಟಲೆ ದುಡಿದ ಜೀತದಾಳು ಇದ್ದ. ಜೀತವನ್ನು ರದ್ದು ಮಾಡಿದ 1976ರ ಕಾಯ್ದೆ ಬರುವ ತನಕ ಕಾನೂನು ಅವನ ಕಡೆ ನೆಟ್ಟಗೆ ನೋಡಿರಲಿಲ್ಲ. ಅವನು ಮೈಬಗ್ಗಿಸದಿದ್ದರೆ ಅದನ್ನು ಹಾಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮುಯ್ಯಾಳು ಬೇರೆ. ಇವತ್ತು ನಿನ್ನ ಹೊಲದ ಕಳೆ ನಾನು ತೆಗೆಯುತ್ತೇನೆ, ನಾಳೆ ನನ್ನದಕ್ಕೆ ನೀನು ಬಾ. ಕೂಲಿ ಇಲ್ಲ, ಮುಯ್ಯಿ ಇದೆ. ಅಲ್ಲಿ ಇವತ್ತಿನ ಆಳೇ ನಾಳೆಯ ಒಡೆಯ, ಹಾಗಾಗಿ ಕೆಲಸ ಕೆಡಿಸಿದರೆ ತನ್ನ ಹೊಲಕ್ಕೇ ಕೇಡು. ಬೇರೆಯವರ ಕೈ ಬೇಕೆಂಬುದು ಅಲ್ಲಿ ಯಾರಿಗೂ ಭಯವಾಗಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಬೇಕಿತ್ತು.

ಹೊಸೂರು ಈಗ ಕಳೆ ಕೀಳುವ ಊರಾಗಿ ಉಳಿದಿಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬಂತು. 1980ರಲ್ಲಿ ಇಲ್ಲಿಂದ ಟಿ.ವಿ.ಎಸ್. 50 ಮೊಪೆಡ್ ಹೊರಬಿತ್ತು, ಅಶೋಕ್ ಲೇಲ್ಯಾಂಡ್ ಲಾರಿ ಬಂತು, ಆ ದಶಕ ಮುಗಿಯುವುದರೊಳಗೆ ಟೈಟಾನ್ ಗಡಿಯಾರ. 2019ರಲ್ಲಿ ಊರು ಮಹಾನಗರಪಾಲಿಕೆ ಆಯಿತು. ಈ ಕಾರ್ಖಾನೆಗಳಲ್ಲಿ ತಾನೊಬ್ಬನೇ ಪೂರ್ತಿ ಮಾಡಿದ ಲಾರಿ ಎಂಬುದೇ ಇಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ನಡುವೆ ತಪಾಸಣೆ ಇರುತ್ತದೆ, ಯಾವ ಪಾಳಿಯಲ್ಲಿ ಯಾರು ಬಿಗಿದರು ಎಂಬ ದಾಖಲೆ ಇರುತ್ತದೆ. ಆಳುಗಳು ಮಾಡಿದ ಆ ಬ್ರೇಕನ್ನು ನಂಬಿ ಹೆದ್ದಾರಿಯಲ್ಲಿ ನಾವೆಲ್ಲ ಓಡಾಡುತ್ತೇವೆ.

ಅಜ್ಜಿಯ ಮೊಮ್ಮಗ ಹೋಗುವುದು ಅಂಥ ಕಾರ್ಖಾನೆಗೇ, ಗುತ್ತಿಗೆಯ ಮೇಲೆ. ಮನೆಯಲ್ಲಿ ಅವನು ಗಾದೆಯ ಮಗ, ಅಲ್ಲಿ ಗಾದೆಯ ಆಳು. ಅವನ ವಾರದ ರಜೆ ಭಾನುವಾರ, ತಾಲ್ಲೂಕು ಕಚೇರಿಗೂ ಅದೇ ರಜೆ. ಅಜ್ಜಿಯ ಕೆಲಸಕ್ಕೆ ಹೋಗಬೇಕಾದರೆ ಒಂದು ದಿನದ ಕೂಲಿ ಕಳೆದುಕೊಳ್ಳಬೇಕು, ಇಲ್ಲವೇ ಎರಡನೇ ಪಾಳಿಯಲ್ಲಿರುವ ಗೆಳೆಯನನ್ನು ಬೆಳಿಗ್ಗೆ ಕಚೇರಿಗೆ ಕಳಿಸಿ, ಮುಂದಿನ ವಾರ ಅವನ ಮನೆಯ ಕೆಲಸಕ್ಕೆ ತಾನು ಓಡಬೇಕು.